ಪಾಳೆಯ ಪಾರ್ಕಾಯಿತು ಎನ್ನುವ ವಾಕ್ಯ

ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಬಗ್ಗೆ ಯಾರು ಮಾತಾಡಿದರೂ ಕಥೆ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಸೈನ್ಯದ ಪಾಳೆಯ ಪಾರ್ಕಾಯಿತು. ಕನ್ನಡದಲ್ಲಿ ಹೇಳಿ ನೋಡಿದಾಗ ಇದರ ತೊಡಕು ನನಗೆ ಬೇಗ ಕಂಡಿತು. 'ಆಯಿತು' ಎನ್ನುವ ಕ್ರಿಯಾಪದಕ್ಕೆ ಮಾಡಿದವರು ಬೇಕಿಲ್ಲ. ಮಳೆ ಆಯಿತು, ಮದುವೆ ಆಯಿತು, ಹಾಗೆಯೇ ಪಾರ್ಕೂ ಆಯಿತು. ಸೈನಿಕ ನೆಲೆಯೊಂದರ ಮರುನಿರ್ಮಾಣವನ್ನು ಸಾಹಿತ್ಯದ ವಿದ್ಯಾರ್ಥಿಗಳು ಯಾಕೆ ಗಮನಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲಿದೆ. ವಾಕ್ಯದಲ್ಲಿ ಕರ್ತೃ ಎಲ್ಲಿ ಕಾಣೆಯಾದ ಎಂದು ಹುಡುಕುವುದು ನಮ್ಮದೇ ಕಸುಬು ತಾನೆ?

ಮೊದಲು ಜಾಗದ ಪರಿಚಯ. ಗೋಲ್ಡನ್ ಗೇಟ್ ಸೇತುವೆಯ ದಕ್ಷಿಣ ತುದಿಗೆ ಅಂಟಿಕೊಂಡಂತೆ ಸುಮಾರು 1,500 ಎಕರೆ ನೆಲ. ಓಲೋನಿ ಜನರು ಬಾಳಿದ ಈ ನೆಲದಲ್ಲಿ 1776ರಲ್ಲಿ ಸ್ಪೇನಿನವರು ಠಾಣ್ಯ ಹೂಡಿದರು. ಆಮೇಲೆ ಮೆಕ್ಸಿಕೊ, 1846ರಿಂದ ಅಮೆರಿಕ. ಪ್ರೆಸಿಡಿಯೊ ಎಂದರೆ ಸ್ಪ್ಯಾನಿಷಿನಲ್ಲಿ ಕಾವಲುಪಡೆಯ ನೆಲೆ, ನಾವು 'ದಂಡು' ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. 1898ರಲ್ಲಿ ಫಿಲಿಪೀನ್ಸಿಗೆ ಹಡಗು ಹತ್ತಿದ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. 1906ರ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಇಲ್ಲೇ ಗುಡಾರ ಹಾಕಿದರು. ಶೀತಲ ಸಮರ ಮುಗಿಯುವ ಹೊತ್ತಿಗೆ ನೆಲೆಯನ್ನು ಮುಚ್ಚುವ ತೀರ್ಮಾನವಾಗಿ, 1994ರ ಅಕ್ಟೋಬರ್ 1ರಂದು ಸೈನ್ಯ ಅದನ್ನು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಒಪ್ಪಿಸಿತು.

ಆಮೇಲಿನದು ಹಣದ ಕಥೆ. 1996ರಲ್ಲಿ ಅಮೆರಿಕದ ಸಂಸತ್ತು ಪ್ರೆಸಿಡಿಯೊ ಟ್ರಸ್ಟ್ ಸ್ಥಾಪಿಸಿ ಒಂದು ಷರತ್ತು ಹಾಕಿತು: 2013ರೊಳಗೆ ಸ್ವಂತ ದುಡಿಮೆಯ ಮೇಲೆ ನಿಲ್ಲಬೇಕು, ಇಲ್ಲವಾದರೆ ನೆಲ ಮಾರಾಟಕ್ಕೆ. ಹಾಗಾಗಿ ಅಧಿಕಾರಿಗಳ ಮನೆಗಳು ಬಾಡಿಗೆಗೆ ಹೋದವು, ಬ್ಯಾರಕ್ಕುಗಳು ಕಚೇರಿಗಳಾದವು. ಲೆಟರ್‌ಮನ್ ಸೈನಿಕ ಆಸ್ಪತ್ರೆಯಿದ್ದ ಕಡೆ 2005ರಲ್ಲಿ ಲ್ಯೂಕಾಸ್‌ಫಿಲ್ಮ್ ಬಂತು, ಅಂಗಳದ ಕಾರಂಜಿಯ ಮೇಲೆ ಯೋಡಾ ನಿಂತ. ಇದನ್ನು ಗೇಲಿ ಮಾಡುವುದು ಸುಲಭ. ನಾನು ಮಾಡಲಾರೆ. ಬಾಡಿಗೆ ಬಾರದಿದ್ದರೆ ಆ ಹಳೆಯ ಕಟ್ಟಡಗಳ ಸೂರು ಇಷ್ಟು ಹೊತ್ತಿಗೆ ಕುಸಿದಿರುತ್ತಿತ್ತು. ಕ್ರಿಸ್ಸಿ ಫೀಲ್ಡಿನಲ್ಲಿ ಹಿಂದೆ ಮಣ್ಣು ತುಂಬಿಸಿ ಮುಚ್ಚಿದ್ದ, ಆಮೇಲೆ ವಿಮಾನ ಇಳಿಯುತ್ತಿದ್ದ ನೆಲದ ಒಂದು ಭಾಗವನ್ನು ಮತ್ತೆ ಅಗೆದು, 2001ರ ಹೊತ್ತಿಗೆ ಸಮುದ್ರದ ಉಬ್ಬರದ ನೀರನ್ನು ಒಳಗೆ ಬಿಟ್ಟರು. ಅಲ್ಲೀಗ ಬಕಪಕ್ಷಿಗಳು ನಿಂತಿರುತ್ತವೆ. ನೆಲದ ಮಟ್ಟಿಗೆ ಇದು ಒಳ್ಳೆಯ ಕೆಲಸವೇ. ನನ್ನ ತಕರಾರಿರುವುದು ನುಡಿಯ ಮಟ್ಟದಲ್ಲಿ.

ಅದೇ ಕ್ರಿಸ್ಸಿ ಫೀಲ್ಡಿನ ಅಂಚಿನಲ್ಲಿ 640ನೇ ನಂಬರಿನ ಕಟ್ಟಡವಿದೆ, ಹಿಂದೊಮ್ಮೆ ವಿಮಾನದ ಹ್ಯಾಂಗರ್. ಪರ್ಲ್ ಹಾರ್ಬರ್ ದಾಳಿಗೆ ಒಂದು ತಿಂಗಳು ಮುಂಚೆ, 1941ರ ನವೆಂಬರಿನಲ್ಲಿ, ಸೈನ್ಯ ಇಲ್ಲಿ ಗುಟ್ಟಾಗಿ ಒಂದು ಭಾಷಾಶಾಲೆ ತೆರೆಯಿತು. 60 ವಿದ್ಯಾರ್ಥಿಗಳು. ಅವರಲ್ಲಿ 58 ಮಂದಿ ಜಪಾನಿನಿಂದ ವಲಸೆ ಬಂದವರ ಮಕ್ಕಳು, ಹುಟ್ಟಿನಿಂದ ಅಮೆರಿಕದ ಪ್ರಜೆಗಳು. ಶತ್ರುವಿನ ಕಾಗದಪತ್ರ ಓದಲು, ಸೆರೆಸಿಕ್ಕವರನ್ನು ವಿಚಾರಿಸಲು ಸೈನ್ಯಕ್ಕೆ ಜಪಾನಿ ಬೇಕಿತ್ತು. ಅಮ್ಮನಿಂದ ಕಲಿತ ಮನೆಮಾತು ಈಗ ಯುದ್ಧದ ಸಾಮಗ್ರಿ.

ಅಲ್ಲಿಂದ ಸ್ವಲ್ಪ ಮೇಲೆ, ಅದೇ ನೆಲೆಯೊಳಗೆ, ಪಶ್ಚಿಮ ರಕ್ಷಣಾ ಕಮಾಂಡಿನ ಮುಖ್ಯ ಕಚೇರಿ. ಜನರಲ್ ಜಾನ್ ಡಿವಿಟ್ ಅದರ ಮುಖ್ಯಸ್ಥ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದ ಮೇಲೆ ಈ ಕಚೇರಿಯಿಂದ ಒಂದಾದ ಮೇಲೊಂದು ಹೊರಹಾಕುವ ಆದೇಶಗಳು ಹೊರಟವು. ಸುಮಾರು 1,20,000 ಜನ ಮನೆಮಠ ಬಿಟ್ಟು ಮುಳ್ಳುತಂತಿಯ ಶಿಬಿರಗಳಿಗೆ ಹೋದರು. ಮೂರರಲ್ಲಿ ಎರಡು ಪಾಲು ಜನ ಪ್ರಜೆಗಳೇ.

ಬೀದಿಯ ಕಂಬಗಳಿಗೆ ಅಂಟಿಸಿದ ಆ ಆದೇಶಪತ್ರದ ನೆತ್ತಿಯ ಮೇಲೆ ಪ್ರೆಸಿಡಿಯೊ ಎಂಬ ವಿಳಾಸವಿತ್ತು. ಅದರ ಭಾಷೆಯನ್ನು ನಿಧಾನಕ್ಕೆ ಓದಬೇಕು. ಜಪಾನಿ ಮೂಲದ ಎಲ್ಲರೂ, 'ಅನ್ಯದೇಶೀಯರು' ಮತ್ತು 'ಅನ್ಯದೇಶೀಯರಲ್ಲದವರು', ಹೊರಡತಕ್ಕದ್ದು. ಅನ್ಯದೇಶೀಯರಲ್ಲದವರು ಎಂದರೆ ಯಾರು? ಪ್ರಜೆಗಳು. ಆ ಮಾತನ್ನು ಬರೆದಿದ್ದರೆ ಸೈನ್ಯ ತನ್ನ ದೇಶದ ಪ್ರಜೆಗಳನ್ನೇ ಹಿಡಿದೊಯ್ಯುತ್ತಿದೆ ಎಂದು ಕಾಗದವೇ ಒಪ್ಪಿಕೊಂಡಂತಾಗುತ್ತಿತ್ತು. ಅದಕ್ಕೇ ಒಂದು 'ಅಲ್ಲದ' ಸೇರಿಸಿ ದಾಟಿಕೊಂಡರು. ಹಿಡಿದೊಯ್ಯುವುದಕ್ಕೆ 'ತೆರವು' ಎಂದರು, ಪ್ರವಾಹ ಬಂದಾಗ ಆಡುವ ಮಾತು. ಮೊದಲು ಕೂಡಿಹಾಕಿದ ತಾಣಗಳಿಗೆ 'ಸೇರುವ ಕೇಂದ್ರ' ಎಂದು ಹೆಸರು. ಈ ಭಾಗದವರನ್ನು ಸೇರಿಸಿದ್ದು ಟ್ಯಾನ್‌ಫೊರಾನ್ ರೇಸ್‌ಕೋರ್ಸಿನಲ್ಲಿ. ಎಷ್ಟೋ ಸಂಸಾರಗಳು ಕುದುರೆ ಲಾಯದಲ್ಲಿ ಮಲಗಿದವು.

ಒಂದೇ ಬೇಲಿಯೊಳಗೆ ಒಂದು ಕಟ್ಟಡದಲ್ಲಿ ಮಕ್ಕಳಿಗೆ ಪಾಠ, ಇನ್ನೊಂದರಲ್ಲಿ ಅವರಂಥವರ ತಂದೆತಾಯಿಯ ಗಡಿಪಾರಿಗೆ ಸಹಿ. ಕೊನೆಗೆ ಆ ಆದೇಶದಿಂದಾಗಿ ಶಾಲೆಯೇ ಕರಾವಳಿ ಬಿಟ್ಟು ಮಿನೆಸೋಟಾಕ್ಕೆ ಹೋಗಬೇಕಾಯಿತು. ಆದೇಶ ಧಿಕ್ಕರಿಸಿದ ಫ್ರೆಡ್ ಕೊರೆಮಾಟ್ಸು ಎಂಬ ಯುವಕನನ್ನು ಸ್ವಲ್ಪ ಕಾಲ ಇದೇ ಪ್ರೆಸಿಡಿಯೊದಲ್ಲಿ ಕೂಡಿಹಾಕಿದ್ದರು. 1944ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪಿತ್ತಿತು. ಅವನ ಮೇಲಿನ ಅಪರಾಧವನ್ನು ಕೆಳಗಿನ ನ್ಯಾಯಾಲಯ ರದ್ದು ಮಾಡಲು 1983 ಬರಬೇಕಾಯಿತು.

ಮರುನಿರ್ಮಾಣ ಇದನ್ನೆಲ್ಲ ಮುಚ್ಚಿಟ್ಟಿದೆ ಎಂದರೆ ಸುಳ್ಳಾಗುತ್ತದೆ. ಜಪಾನಿ ಅಮೆರಿಕನ್ ಸಮುದಾಯ ವರ್ಷಗಟ್ಟಲೆ ಪಟ್ಟುಹಿಡಿದದ್ದರಿಂದ 2013ರಲ್ಲಿ 640ನೇ ಕಟ್ಟಡ ಆ ಶಾಲೆಯ ಸ್ಮಾರಕ ಕೇಂದ್ರವಾಗಿ ತೆರೆಯಿತು. ಡಿವಿಟ್ ಕಚೇರಿಯ ಪಾತ್ರದ ಬಗ್ಗೆಯೇ 2017ರಲ್ಲಿ ಆಫೀಸರ್ಸ್ ಕ್ಲಬ್ಬಿನಲ್ಲಿ ಒಂದು ಪ್ರದರ್ಶನ ನಡೆಯಿತು. ಅದನ್ನು ಏರ್ಪಡಿಸಿದವರ ದಿಟ್ಟತನ ಮೆಚ್ಚತಕ್ಕದ್ದೇ. ಆದರೆ ಪ್ರಮಾಣ ನೋಡಿ. ಸೇವೆ ಮಾಡಿದವರ ಕಥೆಗೆ ಕಾಯಂ ಮನೆ ಸಿಕ್ಕಿತು, ಆದೇಶ ಹೊರಡಿಸಿದವರ ಕಥೆಗೆ ಸಿಕ್ಕಿದ್ದು ಗೋಡೆಗೆ ತೂಗಿ ಇಳಿಸುವ ಪ್ರದರ್ಶನ. ಬಲಿಯಾದವರು ತಮ್ಮ ನೆನಪನ್ನು ತಾವೇ ಕಾಯಬೇಕು, ಕಚೇರಿ ಮಾತ್ರ 'ಪಾರ್ಕಾಯಿತು' ಎನ್ನುವ ವಾಕ್ಯದೊಳಗೆ ಸದ್ದಿಲ್ಲದೆ ಕರಗಬಹುದು. 'ಅಲ್ಲದವರು' ಎಂದು ಬರೆದ ಕೈಗೂ 'ಆಯಿತು' ಎಂದು ಬರೆಯುವ ಕೈಗೂ ದೊಡ್ಡ ಅಂತರವಿದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ವ್ಯಾಕರಣ ಮಾತ್ರ ಒಂದೇ ಮನೆತನದ್ದು.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರು ಈಗ ವರ್ಷವರ್ಷ ಆ ಊರಿಗೆ ಹೋಗುತ್ತಾರೆ, ಸೇತುವೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊ ಆದ ಮೇಲೆ 640ನೇ ಕಟ್ಟಡಕ್ಕೆ ಹೋಗಿ, ಅಲ್ಲಿಂದ ಏರುದಾರಿಯಲ್ಲಿ ಹಳೆಯ ಪೆರೇಡ್ ಮೈದಾನದವರೆಗೆ ನಡೆಯಿರಿ. ಅರ್ಧ ಗಂಟೆಯೂ ಬೇಡ.