ಕತ್ತಲಲ್ಲಿ ಹತ್ತಿದ ಬೆಟ್ಟ, ಬೆಳಕಲ್ಲಿ ಬಿಟ್ಟ ಬೆಟ್ಟ

ಕೋಲಾರದ ಅಂತರಗಂಗೆಗೆ ಬೆಂಗಳೂರಿನ ಚಾರಣಿಗರ ನಡುವೆ ದೊಡ್ಡ ಹೆಸರಿದೆ. ಆ ಹೆಸರು ಬೆಟ್ಟಕ್ಕೆ ಸಂದದ್ದಲ್ಲ, ರಾತ್ರಿಗೆ ಸಂದದ್ದು. ಶನಿವಾರ ರಾತ್ರಿ ಹೊರಡುವುದು, ಟಾರ್ಚು ಹಿಡಿದು ಮೆಟ್ಟಿಲು ಹತ್ತುವುದು, ಗುಂಡುಬಂಡೆಗಳ ಸಂದಿಯಲ್ಲಿ ತೆವಳುವುದು, ಮೇಲೆ ಕೂತು ಸೂರ್ಯೋದಯಕ್ಕೆ ಕಾಯುವುದು, ಭಾನುವಾರ ತಿಂಡಿಯ ಹೊತ್ತಿಗೆ ಊರು ಸೇರುವುದು. ಈ ರೂಢಿಯನ್ನು ಒಂದು ಕೃತಿಯನ್ನು ಓದುವಷ್ಟೇ ಗಂಭೀರವಾಗಿ ಪರೀಕ್ಷಿಸಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ನಮ್ಮ ಜಿಲ್ಲೆಯ ಬೆಟ್ಟಗಳನ್ನು ಹೇಗೆ ನೋಡಬೇಕೆಂದು ಒಂದು ತಲೆಮಾರಿಗೆ ಕಲಿಸಿದ್ದು ಇದೇ. ತಪ್ಪಾಗಿ ಕಲಿಸಿದೆ ಎಂಬುದು ನನ್ನ ತೀರ್ಮಾನ.

ನಾನು ಸುಗಟೂರು ಕಡೆಯವನು. ನಾಡಪ್ರಭುಗಳ ಹೆಸರಿನಿಂದ ಇತಿಹಾಸ ಸೇರಿದ ಊರು ಈಗ ಕೋಲಾರ ತಾಲ್ಲೂಕಿನ ಒಂದು ಹೋಬಳಿ. ನಮ್ಮ ಹಿರಿಯರ ಬಾಯಲ್ಲಿ 'ಬೆಟ್ಟಕ್ಕೆ ಹೋಗಿ ಬಂದ್ವಿ' ಎಂದರೆ ತುದಿ ಮುಟ್ಟಿದ್ದೇವೆ ಎಂಬ ಅರ್ಥವಿರಲಿಲ್ಲ. ಹರಕೆ, ಸ್ನಾನ, ಕಟ್ಟಿಕೊಂಡು ಹೋದ ಬುತ್ತಿ, ಮರದ ನೆರಳು, ಎಲ್ಲವೂ ಆ ಮಾತಿನೊಳಗೆ ಇದ್ದವು. ತುದಿ ಅದರ ಒಂದು ಭಾಗ ಮಾತ್ರ. ಶತಶೃಂಗ, ಕಾರ್ತವೀರ್ಯ, ಕೋಲಾಹಲ, ಗಂಗರ ಕುವಲಾಲಪುರ ಎಂಬ ಕೋಲಾರದ ಪುರಾಣ, ಇತಿಹಾಸದ ಮಾತುಗಳೆಲ್ಲ ಓದುಗರಿಗೆ ತಿಳಿದವೇ. ಅವನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊದಲು ರಾತ್ರಿ ಚಾರಣಿಗರು ತೆವಳುವ ಗವಿಗಳ ಮಾತು. ಅಂತರಗಂಗೆಯ ಗವಿಗಳು ಜ್ವಾಲಾಮುಖಿಯಿಂದ ಆದವು ಎಂದು ಚಾರಣದ ಬರಹಗಳು ವರ್ಷಗಳಿಂದ ಒಂದನ್ನು ನೋಡಿ ಇನ್ನೊಂದು ಬರೆಯುತ್ತ ಬಂದಿವೆ. ಇದು ಸುಳ್ಳು. ಇಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಮತ್ತು ಗ್ನೈಸ್. ನೆಲದಾಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಕಲ್ಲು. ಅದರಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೀಳುಗಳು ಬಿದ್ದವು. ಸೀಳಿಗೆ ನೀರಿಳಿಯಿತು. ಮೂಲೆಗಳು ಮೊದಲು ಕೊಳೆತು ಉದುರಿದವು, ಈರುಳ್ಳಿಯ ಸಿಪ್ಪೆ ಏಳುವ ಹಾಗೆ ಪದರ ಪದರವಾಗಿ ಕಲ್ಲು ಎದ್ದಿತು. ಚೌಕದ ಬಂಡೆ ದುಂಡಗಾಯಿತು. ನಡುವೆ ತುಂಬಿದ್ದ ಮೆತ್ತನೆಯ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕುಸಿದು ನಿಂತವು. ಈ ಗುಂಡುಗಳ ನಡುವೆ ಉಳಿದ ಸಂದಿಯನ್ನೇ ನಾವು ಗವಿ ಎನ್ನುತ್ತೇವೆ. ಬೆಂಕಿ ಒಂದು ಗಳಿಗೆಯಲ್ಲಿ ಮಾಡಿದ್ದಲ್ಲ ಅದು. ನೀರು ಎಣಿಸಲಾಗದಷ್ಟು ಮಳೆಗಾಲಗಳಲ್ಲಿ ಮಾಡಿದ್ದು.

ಈ ತಪ್ಪು ಸಣ್ಣದೆಂದು ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಬೆಟ್ಟದ ಹೆಸರೇ ಅಂತರಗಂಗೆ. ಮೆಟ್ಟಿಲು ಹತ್ತಿ ಹೋದರೆ ಕಾಶಿ ವಿಶ್ವೇಶ್ವರನ ಗುಡಿ, ಅದರ ಬಳಿ ಕಲ್ಲಿನ ಬಸವ, ಬಸವನ ಬಾಯಿಂದ ಬೇಸಿಗೆಯಲ್ಲೂ ನೀರು. ಕಾಶಿಯಿಂದ ಒಳಗೊಳಗೇ ಹರಿದು ಬಂದ ಗಂಗೆ ಎಂಬ ನಂಬಿಕೆ. 'ಅಂತರ' ಎಂಬ ಒಂದೇ ಮಾತಿನಲ್ಲಿ ನಮ್ಮ ಹಿಂದಿನವರು ಭೂವಿಜ್ಞಾನವನ್ನೂ ಭಕ್ತಿಯನ್ನೂ ಒಟ್ಟಿಗೆ ಹೇಳಿಬಿಟ್ಟಿದ್ದಾರೆ. ಮೇಲೆ ಬಿದ್ದ ಮಳೆ ಕಲ್ಲಿನ ಸೀಳುಗಳಲ್ಲಿ ಇಳಿದು, ತಡೆದು ತಡೆದು, ಕೆಳಗೆ ಹೊರಬರುತ್ತದೆ. ಗವಿಯನ್ನು ಕೊರೆದದ್ದೂ ಬಸವನ ಬಾಯಿ ತುಂಬಿಸುವುದೂ ಒಂದೇ ನೀರು, ಒಂದೇ ಸೀಳು. ಜ್ವಾಲಾಮುಖಿ ಎಂದ ಕೂಡಲೇ ಈ ಎರಡರ ಸಂಬಂಧ ಕಡಿದುಹೋಗುತ್ತದೆ. ಗವಿ ಒಂದು ಆಟದ ಜಾಗವಾಗುತ್ತದೆ, ಬಸವ ದಾರಿಯಲ್ಲಿ ಬಾಟಲಿ ತುಂಬಿಸಿಕೊಳ್ಳುವ ನಲ್ಲಿಯಾಗುತ್ತದೆ. ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ದಾಟಿದರೂ ಬೋರ್‌ವೆಲ್ಲಿನಲ್ಲಿ ಬರೀ ದೂಳು ಕಂಡ ರೈತರ ಜಿಲ್ಲೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇಂಥ ಕಡೆ ಒಂದು ಕಲ್ಲಿನ ಬಸವ ಬಾಯಾರದೆ ನಿಂತಿರುವುದನ್ನು ಗಮನಿಸದೆ ದಾಟಿ ಹೋಗುವ ನಡಿಗೆಗೆ ನಾನು ಹೆಚ್ಚು ಬೆಲೆ ಕಟ್ಟಲಾರೆ.

ರಾತ್ರಿ ಈ ನಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಟಾರ್ಚಿನ ಬೆಳಕು ಹತ್ತಡಿಯ ಜಗತ್ತನ್ನು ಮಾತ್ರ ತೋರಿಸುತ್ತದೆ. ಕಲ್ಲಿನ ಸೀಳು ಯಾವ ದಿಕ್ಕಿಗೆ ಓಡಿದೆ, ಮೇಲಿನ ಗುಂಡು ಯಾವ ಬಂಡೆಯಿಂದ ಕಳಚಿದೆ, ತಂಗಡಿ ಎಲ್ಲಿ ನಿಂತು ಸೀತಾಫಲ ಎಲ್ಲಿ ಶುರುವಾಗುತ್ತದೆ, ಒಂದೂ ಕಾಣದು. ಬೆಟ್ಟದ ನೆತ್ತಿಯ ಮೇಲೆ ತೇರಹಳ್ಳಿ ಮುಂತಾದ ಹಳ್ಳಿಗಳಿವೆ, ಹೊಲಗಳಿವೆ, ಅಲ್ಲಿ ಜನ ಬದುಕುತ್ತಾರೆ. ರಾತ್ರಿ ಹತ್ತಿದವರಿಗೆ ಆ ಹಳ್ಳಿ ಎಂದರೆ ನಾಯಿ ಬೊಗಳಿದ ಸದ್ದು. ಬೇಸಿಗೆಯಲ್ಲಿ ರಾತ್ರಿಯ ತಂಪು ದೊಡ್ಡ ಸುಖ, ನಿಜ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತ ಹುಡುಗರು ಮೈ ಬಗ್ಗಿಸಿ ಕಲ್ಲು ಹತ್ತುವುದೂ ಒಳ್ಳೆಯದೇ. ಇಷ್ಟನ್ನು ಒಪ್ಪಿದ ಮೇಲೂ ನನ್ನ ತೀರ್ಮಾನ ಕದಲುವುದಿಲ್ಲ.

ಕದಲದಿರುವುದಕ್ಕೆ ಕಾರಣ ಆವಣಿ. ಮುಳಬಾಗಿಲು ತಾಲ್ಲೂಕಿನ ಈ ಬೆಟ್ಟ ಎತ್ತರದ್ದಲ್ಲ. ಬುಡದಲ್ಲಿ ರಾಮಲಿಂಗೇಶ್ವರನ ಆವರಣ, ಅದರೊಳಗೆ ನೊಳಂಬರ ಕಾಲದ ಗುಡಿಗಳು. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ನಾಲ್ವರು ಅಣ್ಣತಮ್ಮಂದಿರ ಹೆಸರಿನ ನಾಲ್ಕು ಲಿಂಗಗಳು. ಬೆಟ್ಟದ ಮೇಲೆ ಸೀತೆಯ ಗುಡಿ. ನಡುದಾರಿಯಲ್ಲಿ ವಾಲ್ಮೀಕಿಯದು, ಲವಕುಶರದು ಎಂದು ತೋರಿಸುವ ಗವಿಗಳು, ಧನುಷ್ಕೋಟಿ ಎಂಬ ನೀರಿನ ತಾಣ. ಭಾರತದಲ್ಲೇ ಸೀತೆಗೆ ಇದೊಂದೇ ಗುಡಿ ಎಂಬ ಮಾತು ಸರಿಯಲ್ಲ. ವಯನಾಡಿನ ಪುಲ್ಪಳ್ಳಿಯಲ್ಲಿದೆ, ಬಿಹಾರದ ಸೀತಾಮಢಿಯಲ್ಲಿದೆ. ಆವಣಿಯ ಹಿರಿಮೆಗೆ ಆ ಸುಳ್ಳಿನ ಆಸರೆ ಬೇಕಿಲ್ಲ. ಅದರ ಹಿರಿಮೆ ಗುಡಿಗಳ ಸಂಖ್ಯೆಯಲ್ಲಿಲ್ಲ, ಯಾರು ಕೆಳಗಿದ್ದಾರೆ, ಯಾರು ಮೇಲಿದ್ದಾರೆ ಎಂಬುದರಲ್ಲಿದೆ.

ಸ್ಥಳದ ಕಥೆ ಹೀಗಿದೆ: ಅಶ್ವಮೇಧದ ಕುದುರೆಯನ್ನು ಲವಕುಶರು ಇಲ್ಲಿ ಕಟ್ಟಿದರು. ಅರಿಯದೆ ಮಕ್ಕಳ ಮೇಲೆ ಬಾಣ ಬಿಟ್ಟ ದೋಷ ಕಳೆಯಲು ಅಣ್ಣತಮ್ಮಂದಿರು ಲಿಂಗ ಪ್ರತಿಷ್ಠೆ ಮಾಡಿದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ಹತ್ತಿ ನೋಡಿ. ಕೆಳಗೆ, ಗೋಡೆ ಕಟ್ಟಿದ ಆವರಣದೊಳಗೆ, ಗಂಡಸರು ತಮ್ಮ ತಮ್ಮ ಪಾಪಕ್ಕೆ ತಮ್ಮ ತಮ್ಮ ಹೆಸರಿನ ಲಿಂಗ ನಿಲ್ಲಿಸಿದ್ದಾರೆ. ಅವರ ಪ್ರಾಯಶ್ಚಿತ್ತಕ್ಕೆ ಕಂಬ, ಮಂಟಪ, ಕೆತ್ತನೆ, ಎಲ್ಲ ಸಂಪತ್ತೂ ಒದಗಿದೆ. ಅದರಲ್ಲೂ ಲಕ್ಷ್ಮಣೇಶ್ವರ ಹೆಚ್ಚು ಅಲಂಕಾರದ ಗುಡಿ. ಕಾಡಿಗೆ ಬಿಟ್ಟುಬಂದವನ ಹೆಸರಿನ ಗುಡಿಯ ಮೇಲೇ ಉಳಿ ಅಷ್ಟು ಹೊತ್ತು ಕೂತಿದೆ. ಆ ಗೋಡೆ ದಾಟಿ ಹೊರಬಂದರೆ ಬಂಡೆ, ಮೆಟ್ಟಿಲು, ಬಿಸಿಲು. ಹತ್ತುತ್ತ ಹೋದಂತೆ ಕೆತ್ತನೆ ಕಳಚಿಹೋಗುತ್ತದೆ. ಗವಿ ಬರುತ್ತದೆ, ನೀರು ಬರುತ್ತದೆ, ಲವಕುಶರ ಹುಟ್ಟಿನ ಕಥೆ ಬರುತ್ತದೆ. ಕೊನೆಗೆ ತುದಿಯಲ್ಲಿ, ಆ ನಾಲ್ವರಿಂದಲೂ ದೂರದಲ್ಲಿ, ಯಾರಿಗೆ ಅನ್ಯಾಯವಾಯಿತೋ ಅವಳು. ಕೆಳಗಿನ ನಾಲ್ವರೂ ಶಿವನ ಮುಂದೆ ತಪ್ಪೊಪ್ಪಿಕೊಂಡಿದ್ದಾರೆ, ಅವಳ ಮುಂದೆ ಒಬ್ಬನೂ ಹೋಗಿಲ್ಲ. ಅಲ್ಲಿಗೆ ಹೋಗುವವರು ಮಕ್ಕಳ ಫಲ ಬೇಡುವ ಹೆಂಗಸರು. ಅವರು ಧನುಷ್ಕೋಟಿಯ ನೀರನ್ನು ಮುಟ್ಟಿಕೊಂಡು ಆ ಮೆಟ್ಟಿಲು ಹತ್ತುತ್ತಾರೆ. ಈ ಏರುವಿಕೆಯ ಅರ್ಥ ಕಾಲಿಗೆ ಮಾತ್ರ ತಿಳಿಯುತ್ತದೆ. ಕೆಳಗೇ ನಿಂತವರಿಗೂ, ನೇರ ತುದಿಗೆ ಓಡಿದವರಿಗೂ ಸಿಕ್ಕುವುದಿಲ್ಲ.

ಇಲ್ಲಿ ಇತಿಹಾಸ ಬಲ್ಲ ನಮ್ಮ ವಿದ್ವಾಂಸರೊಡನೆ ನನ್ನ ಜಗಳವಿದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ತಂದಂದಿನಿಂದ ಆವಣಿ ಎಂದರೆ ಈ ವಿದ್ವಾಂಸರಿಗೆ ಆವರಣ. ಕಂಬದ ಘಟ್ಟ ಎಷ್ಟು, ಅಧಿಷ್ಠಾನದ ಪಟ್ಟಿಕೆ ಯಾವುದು, ನೊಳಂಬ ಶೈಲಿ ಎಲ್ಲಿ ಮುಗಿದು ಚೋಳರದು ಎಲ್ಲಿ ಶುರು ಎಂದು ಅಳೆದು ಹಿಂದಿರುಗುತ್ತಾರೆ. ಬೆಟ್ಟ ಹತ್ತುವುದಿಲ್ಲ. ಮೇಲಿನ ಗುಡಿಯಲ್ಲಿ ಶಿಲ್ಪವಿಲ್ಲ, ರಾಮಾಯಣದ ಕಥೆ ಆಮೇಲೆ ಅಂಟಿಸಿದ್ದು ಎಂಬುದು ಅವರ ಉತ್ತರ. ಆಮೇಲಿನದೇ ಇರಲಿ. ಹಾಗಾದರೆ ಇನ್ನೂ ದೊಡ್ಡ ಸಂಗತಿಯಾಯಿತಲ್ಲ? ಮೊದಲೇ ನಿಂತಿದ್ದ ಲಿಂಗಗಳನ್ನು ನೋಡಿ, ಮೇಲಿನ ಬಂಡೆಯನ್ನು ನೋಡಿ, ಇವೆರಡರ ನಡುವಿನ ಏರನ್ನು ಕಾಲಿಂದ ಅಳೆದು, ಯಾರೋ ಹೆಸರಿಲ್ಲದ ಜನ ತಲೆಮಾರುಗಳುದ್ದಕ್ಕೂ ಈ ಅರ್ಥವನ್ನು ಕಟ್ಟಿದ್ದಾರೆ. ಅದು ಓದುಗರ ಕೆಲಸ, ವಿಮರ್ಶಕರ ಕೆಲಸ. ಶಿಲ್ಪಿ ಮಾಡಿದ್ದನ್ನು ಮಾತ್ರ ಇತಿಹಾಸ ಎಂದು, ಓದಿದವರು ಮಾಡಿದ್ದನ್ನು ಅಂಟಿಸಿದ್ದು ಎಂದು ತಳ್ಳುವ ಹಕ್ಕು ಯಾರಿಗೂ ಇಲ್ಲ.

ಅವರೇ ಓದಿಕೊಟ್ಟ ಶಾಸನ ಕೂಡ ಅವರನ್ನು ಬೆಟ್ಟಕ್ಕೆ ಕರೆಯುತ್ತದೆ. 961ರಲ್ಲಿ ತೀರಿಕೊಂಡ ತ್ರಿಭುವನಕರ್ತ ದೇವ ಎಂಬ ಶೈವ ಯತಿ ಆವಣ್ಯದ, ಅಂದರೆ ಆವಣಿಯ, ಸ್ಥಾನವನ್ನು 40 ವರ್ಷ ಆಳಿದ, 50 ಗುಡಿಗಳನ್ನೂ 2 ದೊಡ್ಡ ಕೆರೆಗಳನ್ನೂ ಕಟ್ಟಿಸಿದ ಎನ್ನುತ್ತದೆ ಅದು. 50ರ ಬಗ್ಗೆ ಪುಟಗಟ್ಟಲೆ ಬರೆದವರು 2ರ ಬಗ್ಗೆ ಒಂದು ಸಾಲು ಬರೆದು ಮುಗಿಸುತ್ತಾರೆ. ಸೀಳಿಲ್ಲದ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಬೋಳು ಬಂಡೆಯ ಬೆಟ್ಟವೆಂದರೆ ಬುಡದಲ್ಲಿ ಏರಿಯೊಂದನ್ನು ಕಟ್ಟಬಲ್ಲವನಿಗೆ ಬಹುದೊಡ್ಡ ಆಸ್ತಿ. ಬೆಟ್ಟ, ಗುಡಿ, ಕೆರೆ ಈ ಮೂರನ್ನೂ ಆ ಯತಿ ಒಂದೇ ಕೆಲಸವೆಂದು ತಿಳಿದಿದ್ದ ಎಂದೇ ನಾನು ಆ ಶಾಸನವನ್ನು ಓದುತ್ತೇನೆ. ನಾವು ಅದನ್ನು ಹರಿದು ಹಂಚಿಕೊಂಡಿದ್ದೇವೆ: ಬೆಟ್ಟ ಚಾರಣಿಗರಿಗೆ, ಗುಡಿ ಪುರಾತತ್ವಕ್ಕೆ, ಕೆರೆ ಸಣ್ಣ ನೀರಾವರಿಗೆ.

ಚಾರಣದವರ ಮೇಲಿನ ನನ್ನ ದೂರು ಇದಕ್ಕಿಂತ ಕಡಿಮೆಯದೇನಲ್ಲ. ಅವರ ಪಟ್ಟಿಗಳಲ್ಲಿ ಆವಣಿ ಇದ್ದರೆ 'ಸುಲಭ' ಎಂಬ ಒಂದು ಪದದ ಜೊತೆ ಇರುತ್ತದೆ. ಎತ್ತರ, ದೂರ, ಕಷ್ಟ ಇವೇ ಅಳತೆಗೋಲಾದರೆ ನಮ್ಮ ಜಿಲ್ಲೆಯ ಯಾವ ಬೆಟ್ಟವೂ ಗೆಲ್ಲುವುದಿಲ್ಲ. ಮಾಲೂರಿನ ತೇಕಲ್ಲಿನ ಗುಂಡುಗಳು, ಹದಿಮೂರೂವರೆ ಅಡಿ ಗಣಪನ ಪಕ್ಕದ ಕುರುಡುಮಲೆ, 1768ರ ಅಕ್ಟೋಬರಿನಲ್ಲಿ ಹೈದರನ ಸೈನ್ಯವೂ ಇಂಗ್ಲಿಷರೂ ಕಾದಾಡಿದ ಮುಳಬಾಗಿಲಿನ ಬಂಡೆಗಳು, ಯಾವುದೂ ಸಹ್ಯಾದ್ರಿಯ ಮುಂದೆ ನಿಲ್ಲುವಂಥದ್ದಲ್ಲ. ನಮ್ಮ ಬೆಟ್ಟಗಳು ಕುಳ್ಳು. ಹೊಲದಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯಬಹುದಾದಷ್ಟು ಮಾತ್ರ ಎತ್ತರ. ಆದ್ದರಿಂದಲೇ ಅವುಗಳ ಒಂದೊಂದು ಬಂಡೆಗೂ ಹೆಸರು ಬಂದಿದೆ.

ಆವಣಿಗೆ ಹೋಗುವವರು ಬೆಳಿಗ್ಗೆ ಹೋಗಲಿ. ಮೊದಲು ಆವರಣದಲ್ಲಿ ಒಂದು ಗಂಟೆ, ಆಮೇಲೆ ಬೆಟ್ಟ. ಶಿವರಾತ್ರಿಯ ಆಸುಪಾಸಿನಲ್ಲಾದರೆ ರಥವೂ ದನಗಳ ಜಾತ್ರೆಯೂ ಸಿಗುತ್ತದೆ. ಎತ್ತು ಕೊಳ್ಳಲು ಬಂದ ರೈತ ವ್ಯಾಪಾರ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು, ಚಪ್ಪಲಿ ಬಿಟ್ಟು, ಬಿಸಿಲೇರುವ ಮುಂಚೆ ಸೀತಮ್ಮನ ಮೆಟ್ಟಿಲು ಹಿಡಿಯುತ್ತಾನೆ. ಅವರ ಹಿಂದೆ, ಅವರು ನಿಂತಲ್ಲಿ ನಿಂತು, ಅವರ ನಡಿಗೆಯಲ್ಲೇ ಹತ್ತಿ.