ಅವರೆ ಕುಡಿಯ ಕಾವಲುಗಾರ

ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೊಲಕ್ಕೆಂದು ಪ್ರಚಾರಕ್ಕೆ ತಂದ ಜೀವಾಮೃತವೆಂಬ ದ್ರವಗೊಬ್ಬರ ಹಿತ್ತಲಿಗೂ ಚೆನ್ನಾಗಿ ಒಗ್ಗುತ್ತದೆ. 20 ಲೀಟರ್ ನೀರಿಗೆ 1 ಕಿಲೋ ನಾಟಿ ಹಸುವಿನ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, ಅಷ್ಟೇ ಕಡಲೆಹಿಟ್ಟು, ಬದುವಿನ ಹಿಡಿ ಮಣ್ಣು. ನೆರಳಲ್ಲಿಟ್ಟು ಕೋಲಿನಿಂದ ತಿರುಗಿಸುತ್ತಿದ್ದರೆ 2 ದಿನದಲ್ಲಿ ನೊರೆಯೇಳುತ್ತದೆ. ಬೆಲ್ಲ ಉಂಡ ಸೂಕ್ಷ್ಮಜೀವಿಗಳು ಹೆಚ್ಚಿಕೊಂಡ ಗುರುತು ಅದು.

ಹಿತ್ತಲಿಗೆ ನೆರವಾಗುವ ಜೀವಿಗಳು ಇವಷ್ಟೇ ಅಲ್ಲ; ನನ್ನ ಹೆಚ್ಚಿನ ಅಕ್ಕರೆ ಗುಲಗಂಜಿ ಹುಳುವಿನ ಮೇಲೆ. ಅವರೆ ಕುಡಿಗೆ ಕಪ್ಪು ಹೇನು ಮುತ್ತಿದರೆ ಔಷಧಿ ಹೊಡೆಯಲು ಓಡಬೇಡಿ, ಮೊದಲು ಎಲೆ ಮಗುಚಿ ನೋಡಿ. ಹೇನುಗಳ ನಡುವೆ ಮುಳ್ಳುಮೈಯ ಕರಿಹುಳು ಹರಿದಾಡುತ್ತಿದ್ದರೆ ಅದು ಗುಲಗಂಜಿಯ ಮರಿ. ಬೆಳೆಯುವಷ್ಟರಲ್ಲಿ ನೂರಾರು ಹೇನು ತಿಂದಿರುತ್ತದೆ. ಚೆಲುವಿಲ್ಲವೆಂದು ಅದನ್ನೇ ಹೊಸಕಿಹಾಕುವುದನ್ನು ಕಂಡರೆ ಸಂಕಟವಾಗುತ್ತದೆ. ದೊಡ್ಡ ಹುಳುವಿಗೆ ಪರಾಗವೂ ಬೇಕು. ಮಡಿಯಂಚಿನ ಕೊತ್ತಂಬರಿ, ಸಬ್ಬಸಿಗೆಯನ್ನು ಪೂರಾ ಕೀಳದೆ ಒಂದಿಷ್ಟು ಹೂಬಿಡಲು ಬಿಡಿ, ಹುಡುಕಿಕೊಂಡು ಬರುತ್ತವೆ.