ಕುಲಾಲನ ತಂದೆ
(ಜಪಾನಿನ ಕುಂಬಾರರ ಶಿಕ್ಷಣವನ್ನು ಕುರಿತ ವಿಮರ್ಶೆ)

ತರ್ಕಶಾಸ್ತ್ರವನ್ನು ಓದಿದವರಿಗೆಲ್ಲ ಘಟವು ಹಳೆಯ ಪರಿಚಯದ ವಸ್ತು. ಕಾರಣವೆಂದರೇನೆಂಬುದನ್ನು ತಿಳಿಸಬೇಕಾದಾಗ ನೈಯಾಯಿಕರು ಬಟ್ಟೆಯನ್ನೂ ಗಡಿಗೆಯನ್ನೂ ಬಿಟ್ಟು ಬೇರೆ ಉದಾಹರಣೆಗೆ ಹೋಗುವುದು ಅಪೂರ್ವ. ಗಡಿಗೆಯ ಎರಡು ಕಪಾಲಗಳು ಸಮವಾಯಿಕಾರಣ. ಅವುಗಳ ಸಂಯೋಗವು ಅಸಮವಾಯಿಕಾರಣ. ಕುಂಬಾರನೂ ಅವನ ತಿಗರಿಯೂ ಅದನ್ನು ತಿರುಗಿಸುವ ಕೋಲೂ ನಿಮಿತ್ತಕಾರಣಗಳು. ಇಷ್ಟನ್ನು ಹೇಳಿದ ಮೇಲೆ, ಗಡಿಗೆಗೆ ಮುಂಚೆ ಇದ್ದರೂ ಕಾರಣವೆನಿಸಿಕೊಳ್ಳದವುಗಳನ್ನು ಎಣಿಸಬೇಕಷ್ಟೆ. ಮಣ್ಣು ಹೊತ್ತು ತಂದ ಕತ್ತೆ ಕಾರಣವಲ್ಲ, ಅನ್ಯಥಾಸಿದ್ಧ. ಕೋಲಿನ ಬಣ್ಣವೂ ಹಾಗೆಯೇ, ಆಕಾಶವೂ ಹಾಗೆಯೇ. ವಿಶ್ವನಾಥ ಪಂಚಾನನನ ಕಾರಿಕಾವಳಿಯಲ್ಲಿ ಇವುಗಳ ಸಾಲಿನಲ್ಲಿಯೇ ಕುಲಾಲನ ತಂದೆಯನ್ನೂ ನಿಲ್ಲಿಸಿದೆ. ಅವನು ಕುಂಬಾರನಿಗೆ ಕಾರಣನೇ ಹೊರತು ಗಡಿಗೆಗೆ ಕಾರಣನಲ್ಲ. ಪಾಠಶಾಲೆಯ ಹುಡುಗರು ಕತ್ತೆಯ ಮಾತು ಬಂದಾಗ ನಗುವರು. ತಂದೆಯ ಮಾತನ್ನು ಬಾಯಿಪಾಠ ಮಾಡಿ ಮುಂದೆ ಹೋಗುವರು.

ಆದರೆ ಗ್ರಂಥಕಾರನು ತಾನೇ ಮುಕ್ತಾವಳಿಯಲ್ಲಿ ಇಲ್ಲೊಂದು ಸೂಕ್ಷ್ಮವನ್ನು ಉಳಿಸಿದ್ದಾನೆ. ಕುಲಾಲನ ತಂದೆಯೆಂಬ ರೂಪದಿಂದ ಅವನು ಅನ್ಯಥಾಸಿದ್ಧನು. ಅವನೂ ಒಬ್ಬ ಕುಲಾಲನೆಂಬ ರೂಪದಿಂದ ಕಾರಣನೆನ್ನುವುದಾದರೆ ಅದು ಇಷ್ಟವೇ ಎನ್ನುತ್ತಾನೆ. ತಾರ್ಕಿಕನಿಗೆ ಇಷ್ಟು ಸಾಕು. ಅವನ ಉದ್ದೇಶ ಕಾರಣದ ಲಕ್ಷಣವೇ ಹೊರತು ಗಡಿಗೆಯಲ್ಲ. ಅದಕ್ಕಾಗಿ ಅವನನ್ನು ದೂರುವುದು ಸಲ್ಲದು. ಗಡಿಗೆಯನ್ನೇ ಕುರಿತು ಯೋಚಿಸುವವನಿಗೆ ಮಾತ್ರ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ. ಕುಲಾಲನಿಗೆ ಆ ಕುಲಾಲತ್ವವು ಎಲ್ಲಿಂದ ಬರುತ್ತದೆ? ರಕ್ತದಿಂದಲೋ, ಗುರುವಿನಿಂದಲೋ, ಸರ್ಕಾರದ ಶಾಲೆಯಿಂದಲೋ, ನೆರೆಹೊರೆಯಿಂದಲೋ? ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಜಪಾನ್ ದೇಶದ ಕುಂಬಾರರು ತಮ್ಮ ಜೀವಿತಗಳಿಂದ ಕೊಟ್ಟಿರುವ ಉತ್ತರಗಳು ಬಗೆಬಗೆಯಾಗಿರುವುದರಿಂದ ಅವುಗಳನ್ನು ಪರಿಶೀಲಿಸುವುದು ಯೋಗ್ಯವಾಗಿದೆ.

ತಂದೆಯಿಂದ ಮಗನಿಗೆ ಎಂಬ ಉತ್ತರ ಅಲ್ಲಿಯೂ ಹಳೆಯದು. ಕ್ಯೋತೊ ನಗರದ ರಾಕು ಮನೆತನವು ೧೬ನೆಯ ಶತಮಾನದ ಛೋಜಿರೊ ಎಂಬವನಿಂದ ಹಿಡಿದು ಚಹದ ಬಟ್ಟಲುಗಳನ್ನು ಮಾಡುತ್ತ ಬಂದಿದೆ. ೧೫ನೆಯ ತಲೆಯವರು ೧೯೮೧ರಲ್ಲಿ ಮನೆಯ ಹೆಸರನ್ನು ವಹಿಸಿ ೨೦೧೯ರಲ್ಲಿ ಅದನ್ನು ಮಗನಿಗೆ ಬಿಟ್ಟುಕೊಟ್ಟರು. ನಾಲ್ಕುನೂರು ವರ್ಷಗಳ ಮನೆಯೆಂದ ಮೇಲೆ ಲೇಪದ ಪಾಕವೂ ಬೆಂಕಿಯ ಮರ್ಮವೂ ಓಲೆಯಲ್ಲಿ ಬರೆದಿಟ್ಟು ಕೈಯಿಂದ ಕೈಗೆ ಬರುತ್ತಿರಬೇಕೆಂದು ಯಾರಾದರೂ ಊಹಿಸುವರು. ನಡೆಯುವುದು ಇದಕ್ಕೆ ವಿರುದ್ಧ. ತಂದೆ ಮಗನಿಗೆ ಲೇಪದ ಪಾಕವನ್ನು ಬೋಧಿಸುವುದಿಲ್ಲ. ಮಗನು ಅದನ್ನು ತಾನೇ ಕಂಡುಕೊಳ್ಳಬೇಕು. ತಂದೆ ಕೊಡುವುದು ಮಣ್ಣನ್ನು. ಹಿರಿಯರು ಶೇಖರಿಸಿಟ್ಟ ಮಣ್ಣನ್ನು ಎಷ್ಟೋ ವರ್ಷಗಳ ಮೇಲೆ ಮೊಮ್ಮಕ್ಕಳ ಮಕ್ಕಳು ಬಳಸುವರು. ೧೫ನೆಯವರಂತೂ ಟೋಕಿಯೋದ ಕಲಾವಿಶ್ವವಿದ್ಯಾಲಯದಲ್ಲಿ ಶಿಲ್ಪವನ್ನು ಓದಿ, ರೋಮಿಗೂ ಹೋಗಿ ಬಂದು, ಆಮೇಲೆ ಮನೆಯ ಕೆಲಸಕ್ಕೆ ಕುಳಿತರು. ಪರಂಪರೆಯೆಂದರೆ ಉತ್ತರವನ್ನು ಒಪ್ಪಿಸುವುದೆಂದು ತಿಳಿದವರಿಗೆ ಈ ಮನೆಯ ಪದ್ಧತಿ ವಿಚಿತ್ರವಾಗಿ ಕಾಣುವುದು. ಆದರೂ ಒಂದೇ ಒಲೆಯಿಂದ ಒಂದನ್ನೊಂದು ಹೋಲದ ಬಟ್ಟಲುಗಳು ತಲೆತಲೆಗೂ ಹೊರಬಂದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ಕುಂಬಾರರ ಮನೆಯಲ್ಲಿ ಹುಟ್ಟದವನಿಗೆ ಗುರುಗೃಹವಾಸ. ಅಂತೇವಾಸಿ ಎಂಬ ಮಾತಿನ ಅರ್ಥ ಸಂಸ್ಕೃತ ಬಲ್ಲವರಿಗೆ ತಿಳಿದೇ ಇದೆ. ಜಪಾನೀಯರ 'ಉಚಿದೇಶಿ' ಎಂಬುದೂ ಅದೇ. ಅಂಗಳ ಗುಡಿಸುವುದು, ಸೌದೆ ಒಡೆಯುವುದು, ಮಣ್ಣು ಸೋಸುವುದು, ಬಳಿಕ ಮಣ್ಣು ಹದಮಾಡುವುದು. ಹದಮಾಡಿದ ಮುದ್ದೆಯ ಮೇಲೆ ಅಂಗೈಯ ಒತ್ತು ಸೇವಂತಿಗೆಯ ದಳಗಳಂತೆ ಸುತ್ತಿಕೊಳ್ಳುವುದರಿಂದ ಆ ಕ್ರಮಕ್ಕೆ ಸೇವಂತಿಗೆಯ ಹೆಸರನ್ನೇ ಇಟ್ಟಿರುವರು. ಮಣ್ಣು ನಾದುವುದಕ್ಕೆ ಮೂರು ವರ್ಷ, ತಿಗರಿಗೆ ಹತ್ತು ವರ್ಷವೆಂದು ಅಲ್ಲಿಯ ಗಾದೆ. ಗುರುವು ಬಾಯಿಬಿಟ್ಟು ಹೇಳುವುದು ಕಡಮೆ. ಶಿಷ್ಯನು ನೋಡಿ ಕದಿಯಬೇಕು. ಈ ಪದ್ಧತಿಯನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನು ಮರೆಯುವುದುಂಟು. ಮೂರು ವರ್ಷ ಮಣ್ಣು ನಾದಿದವನಿಗೆ ಮಣ್ಣಿನ ಗುಣ ತಿಳಿಯುತ್ತದೆ, ಸರಿ. ಗುರುವಿನ ಮನೆಗೆ ಸಂಬಳವಿಲ್ಲದ ಆಳೂ ದೊರೆಯುತ್ತಾನೆ.

ಮೂರನೆಯ ದಾರಿ ಶಾಲೆ. ಹಮಾದ ಶೋಜಿ (೧೮೯೪-೧೯೭೮) ಕುಂಬಾರರ ಮನೆಯವನಲ್ಲ. ಅವನ ಗೆಳೆಯ ಕವಾಯಿ ಕಂಜಿರೊ (೧೮೯೦-೧೯೬೬) ಬಡಗಿಗಳ ಮನೆಯವನು. ಇಬ್ಬರೂ ಟೋಕಿಯೋದ ಉಚ್ಚ ಔದ್ಯೋಗಿಕ ಶಾಲೆಯಲ್ಲಿ ಮೃತ್ತಿಕಾಶಾಸ್ತ್ರವನ್ನು ಓದಿದವರು. ಇತಾಯ ಹಜಾನನಂಥ ನಿಪುಣನು ಅಲ್ಲಿ ಅಧ್ಯಾಪಕನಾಗಿದ್ದನು. ಹಮಾದನು ೧೯೧೬ರಲ್ಲಿ ಅಲ್ಲಿಂದ ಹೊರಬಿದ್ದು ಕ್ಯೋತೊ ಪುರಸಭೆಯ ಕುಂಭಪರೀಕ್ಷಾಶಾಲೆಯನ್ನು ಸೇರಿದನು. ಅಲ್ಲಿ ಈ ಇಬ್ಬರು ತರುಣರು ಕೂಡಿ ಸಾವಿರಾರು ಲೇಪಗಳನ್ನು ಬೆರೆಸಿ, ಸುಟ್ಟು, ಫಲವನ್ನು ಬರೆದಿಟ್ಟರು. ಇದು ರಸಾಯನಶಾಸ್ತ್ರದ ಅಭ್ಯಾಸವೇ ಹೊರತು ಮತ್ತೇನೂ ಅಲ್ಲ. ೧೯೨೦ರಲ್ಲಿ ಹಮಾದನು ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಮಿತ್ರನೊಡನೆ ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿಗೆ ಹೋಗಿ, ಅಲ್ಲಿ ಆವಿಗೆಯನ್ನು ಕಟ್ಟಲು ನೆರವಾಗಿ, ಮೂರು ವರ್ಷಗಳ ಮೇಲೆ ಸ್ವದೇಶಕ್ಕೆ ಹಿಂದಿರುಗಿದನು.

ಹಿಂದಿರುಗಿ ಅವನು ಸೇರಿದ್ದು ರಾಜಧಾನಿಯನ್ನಲ್ಲ. ಟೋಕಿಯೋದ ಅಡಿಗೆಮನೆಗಳಿಗೆ ನೀರಿನ ಬಾನಿ, ಉಪ್ಪಿನಕಾಯಿಯ ಜಾಡಿ, ಚಹದ ಹೂಜಿಗಳನ್ನು ಒದಗಿಸುತ್ತಿದ್ದ ಮಾಶಿಕೊ ಎಂಬ ಹಳ್ಳಿಯನ್ನು ಸೇರಿದನು. ಅಲ್ಲಿಯ ಕುಂಬಾರರ ನಡುವೆ ಹೊರಗಿನವನಾಗಿ ಬಂದು, ಮೊದಲು ಅವರ ಆವಿಗೆಗಳಲ್ಲಿಯೇ ತನ್ನ ಪಾತ್ರೆಗಳನ್ನೂ ಇಟ್ಟು ಸುಡಿಸುತ್ತ, ಸ್ವಂತ ಆವಿಗೆಯನ್ನು ಅನೇಕ ವರ್ಷಗಳ ಮೇಲೆ ಕಟ್ಟಿಕೊಂಡನು. ತನ್ನ ಜೀವಿತವನ್ನು ಅವನು ಸಂಗ್ರಹಿಸಿದ ಬಗೆ ಪ್ರಸಿದ್ಧವಾಗಿದೆ: ದಾರಿ ಕಂಡದ್ದು ಕ್ಯೋತೊದಲ್ಲಿ, ಆರಂಭಿಸಿದ್ದು ಇಂಗ್ಲೆಂಡಿನಲ್ಲಿ, ಕಲಿತದ್ದು ಓಕಿನಾವ ದ್ವೀಪದಲ್ಲಿ, ಬೆಳೆದದ್ದು ಮಾಶಿಕೊದಲ್ಲಿ. ಶಾಲೆಯಲ್ಲಿ ಓದಿದವನು 'ಕಲಿತದ್ದು' ಎಂಬ ಮಾತನ್ನು ಶಾಲೆಗೆ ಕೊಡದೆ ಹಳ್ಳಿಯ ಕುಂಬಾರರ ದ್ವೀಪಕ್ಕೆ ಕೊಟ್ಟಿರುವುದು ಗಮನಿಸತಕ್ಕದ್ದು.

ಅವನ ಮುಪ್ಪಿನ ಕಾಲದ ಒಂದು ಮಾತನ್ನು ಕನ್ನಡಿಗರು ಕೇಳಿದರೆ ಬೇರೊಂದು ಮಾತು ನೆನಪಾಗದೆ ಇರದು. ದೊಡ್ಡ ತಟ್ಟೆಯ ಮೇಲೆ ಸೌಟಿನಿಂದ ಲೇಪವನ್ನು ಒಂದೇ ಬೀಸಿಗೆ ಸುರಿದು ಚಿತ್ರ ಬಿಡಿಸುವುದನ್ನು ನೋಡಿದವರು, ಇದು ಹದಿನೈದು ಕ್ಷಣಗಳ ಕೆಲಸವಲ್ಲವೇ ಎಂದರಂತೆ. ಅದಕ್ಕೆ ಅವನು, ಹದಿನೈದು ಕ್ಷಣಗಳ ಜೊತೆಗೆ ಅರುವತ್ತು ವರ್ಷಗಳನ್ನೂ ಸೇರಿಸಿಕೊಳ್ಳಬೇಕು ಎಂಬರ್ಥದ ಉತ್ತರ ಕೊಟ್ಟನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಕನ್ನಡದ ಗಾದೆ. ಅದು ಒಡೆಯುವವನನ್ನು ಕುರಿತು ಎಚ್ಚರ ಹೇಳುವಾಗ ಬರುವ ಮಾತು. ಮಾಡುವವನ ವರುಷವು ಅಲ್ಲಿ ಹೋಲಿಕೆಗಾಗಿ ಮಾತ್ರ ಬಂದುಹೋಗುತ್ತದೆ. ಆ ವರುಷದಲ್ಲಿ ಏನು ನಡೆಯಿತೆಂದು ಗಾದೆಯನ್ನು ಆಡುವವರು ಕೇಳುವುದಿಲ್ಲ. ಹಮಾದನ ಉತ್ತರವು ನಿಮಿಷವನ್ನೂ ಕುಂಬಾರನಿಗೇ ಮರಳಿ ಕೊಡುತ್ತದೆ.

ಇವರೆಲ್ಲರ ಕೆಲಸಕ್ಕೆ ತತ್ತ್ವವನ್ನು ಒದಗಿಸಿದವನು ಯಾನಗಿ ಸೋಎತ್ಸು (೧೮೮೯-೧೯೬೧). ೧೯೨೫ರಲ್ಲಿ ಜನಪದ ಕುಶಲಕಲೆಗೆ 'ಮಿಂಗೆಯಿ' ಎಂಬ ಹೆಸರು ಹುಟ್ಟಿತು. ೧೯೩೬ರಲ್ಲಿ ಟೋಕಿಯೋದಲ್ಲಿ ಅದರ ವಸ್ತುಸಂಗ್ರಹಾಲಯವನ್ನು ತೆರೆದರು. ಯಾನಗಿಯ ವಾದವು ಸುಂದರವಾದದ್ದು. ಹೆಸರಿಲ್ಲದ ಕುಂಬಾರನು ಅಹಂಕಾರವಿಲ್ಲದೆ, ಒಂದನ್ನೇ ಸಾವಿರ ಸಲ ಮಾಡುತ್ತ ಹೋದಾಗ, ಸೌಂದರ್ಯವು ಅವನ ಪ್ರಯತ್ನದಿಂದಲ್ಲದೆ ಸಂಪ್ರದಾಯದ ಬಲದಿಂದಲೇ ಉಂಟಾಗುತ್ತದೆಂದು ಅವನ ಮತ. ಮಾಶಿಕೊದ ಮಿನಗಾವ ಮಾಸು ಎಂಬ ವೃದ್ಧೆ ಇದಕ್ಕೆ ನಿದರ್ಶನವಾದಳು. ಓದುಬರಹವಿಲ್ಲದ ಆಕೆ ದಿನವೊಂದಕ್ಕೆ ನೂರಾರು ಚಹದ ಹೂಜಿಗಳ ಮೇಲೆ ಬೆಟ್ಟ, ನೀರು, ಮರಗಳ ಒಂದೇ ಚಿತ್ರವನ್ನು ಬರೆಯುತ್ತಿದ್ದಳು. ಆ ಕುಂಚದ ಓಟ ಚಿತ್ರಶಾಲೆಯಲ್ಲಿ ಕಲಿತವರಿಗೆ ಸಾಧಿಸದು.

ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅದನ್ನು ಸಾರಿದವರ ಜೀವಿತವೇ ತಿದ್ದುತ್ತದೆ. ಹೆಸರಿಲ್ಲದವನನ್ನು ಹೊಗಳಿದವರು ಶಾಲೆಯಲ್ಲಿ ಓದಿದವರು, ದೇಶ ಸುತ್ತಿದವರು, ಪ್ರದರ್ಶನಗಳನ್ನು ನಡೆಸಿದವರು. ಹಮಾದನು ಪಾತ್ರೆಯ ಮೇಲೆ ಅಂಕಿತ ಹಾಕುವುದನ್ನು ಬಿಟ್ಟನು. ಪಾತ್ರೆಯನ್ನಿಡುವ ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಅವನ ಬರಹ ಇರುತ್ತಿತ್ತು, ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳುತ್ತಿದ್ದರು. ಕವಾಯಿ ಮಾತ್ರ ತನ್ನ ಮಾತಿಗೆ ಹೆಚ್ಚು ಹತ್ತಿರವಾಗಿ ನಡೆದನು. ಸರ್ಕಾರದ ಗೌರವಗಳು ಬಂದಾಗ ಬೇಡವೆಂದನು. ಮಾಸುವಿನ ಹೆಸರಂತೂ, ಹೆಸರಿಲ್ಲದ ಕಲೆಗೆ ನಿದರ್ಶನವಾದದ್ದರಿಂದಲೇ, ಇಂದು ಪುಸ್ತಕಗಳಲ್ಲಿ ಉಳಿದಿದೆ! ಇದು ಹಾಸ್ಯಕ್ಕಾಗಿ ಹೇಳುವ ಮಾತಲ್ಲ. ಸಂಪ್ರದಾಯವು ತನ್ನಷ್ಟಕ್ಕೆ ಉಳಿಯುತ್ತದೆಂದು ಯಾನಗಿಯ ಬರಹವನ್ನು ಓದಿದವರು ತಿಳಿಯುವ ಅಪಾಯವಿದೆ. ಮಾಶಿಕೊ ತನ್ನಷ್ಟಕ್ಕೆ ಉಳಿಯುತ್ತಿರಲಿಲ್ಲ. ಲೋಹದ ಪಾತ್ರೆಯೂ ಹೊಸ ಬಗೆಯ ಒಲೆಯೂ ಟೋಕಿಯೋದ ಅಡಿಗೆಮನೆಗಳನ್ನು ಹೊಕ್ಕ ಮೇಲೆ ಅಲ್ಲಿಯ ಬಾನಿಗಳನ್ನು ಕೇಳುವವರು ಕಡಮೆಯಾದರು. ಶಾಲೆಯಲ್ಲಿ ಓದಿದವನೊಬ್ಬನು ಬಂದು ಅದೇ ಮಣ್ಣಿನಿಂದ ಊಟದ ಮೇಜಿಗೆ ಬೇಕಾದುದನ್ನು ಮಾಡಿ ತೋರಿಸಿದ್ದರಿಂದ ಆ ಊರಿಗೆ ಹೊಸ ಜೀವ ಬಂತು.

ಹಮಾದನ ಶಿಷ್ಯ ಶಿಮಾವೊಕ ತತ್ಸುಜೊ (೧೯೧೯-೨೦೦೭) ಎಂಬವನ ಕಥೆ ಇನ್ನೂ ಸ್ವಾರಸ್ಯವಾದದ್ದು. ಇವನು ಗುರುವು ಓದಿದ ವಿದ್ಯಾಲಯದಲ್ಲಿಯೇ ಓದಿ, ಯುದ್ಧದಿಂದ ಹಿಂದಿರುಗಿ, ೧೯೪೬ರಲ್ಲಿ ಹಮಾದನ ಬಳಿ ಸೇರಿದನು. ಮುಂದೆ ಗುರುವಿನ ನೆರೆಯಲ್ಲಿಯೇ ಸ್ವಂತ ಆವಿಗೆ ಹಾಕಿದನು. ದೊಡ್ಡ ಗುರುವಿನ ನೆರಳಿನಲ್ಲಿ ಕುಳಿತವನಿಗೆ ಬರುವ ಕಷ್ಟ ಇವನಿಗೂ ಬಂತು: ಯಾವ ಪಾತ್ರೆ ಮಾಡಿದರೂ ಅದು ಹಮಾದನದೇ ಎಂಬಂತಿತ್ತು. ಅದರಿಂದ ಬಿಡುಗಡೆ ಸಿಕ್ಕಿದ್ದು ಎಲ್ಲಿಂದ? ಇವನ ತಂದೆ ಟೋಕಿಯೋದಲ್ಲಿ ರೇಷ್ಮೆಯ ಹುರಿಗಳನ್ನು ಹೆಣೆಯುವವನು. ಮಗನು ಹುರಿಯನ್ನು ಹಸಿ ಗಡಿಗೆಯ ಮೇಲೆ ಉರುಳಿಸಿ, ಮೂಡಿದ ಗುರುತುಗಳಲ್ಲಿ ಬಿಳಿಯ ಮಣ್ಣನ್ನು ತುಂಬಿ, ಹೆರೆದು, ಸುಟ್ಟನು. ಆ ಹುರಿಯ ಗುರುತು ಅವನ ಗುರುತಾಯಿತು. ೧೯೯೬ರಲ್ಲಿ ಅದಕ್ಕಾಗಿಯೇ ರಾಷ್ಟ್ರಗೌರವ ದೊರೆಯಿತು. ಕುಲಾಲನೇ ಅಲ್ಲದ ಕುಲಾಲನ ತಂದೆ ಗಡಿಗೆಯ ಮೈಮೇಲೆ ಹೀಗೆ ಕಾಣಿಸಿಕೊಂಡಿದ್ದಾನೆ. ವಿಶ್ವನಾಥ ಪಂಚಾನನನಿಗೆ ಇದನ್ನು ತೋರಿಸಿದ್ದರೆ ಅನ್ಯಥಾಸಿದ್ಧಗಳ ಎಣಿಕೆಯನ್ನು ಬದಲಾಯಿಸುತ್ತಿದ್ದನೆಂದಲ್ಲ. ಆದರೂ ಕೊಂಚ ಯೋಚಿಸುತ್ತಿದ್ದನು.

ಮೇಲೆ ಹೇಳಿದ ಗೌರವವನ್ನು ಕುರಿತು ಒಂದು ಮಾತು. ೧೯೫೦ರ ಕಾನೂನಿನ ಆಧಾರದ ಮೇಲೆ ಜಪಾನ್ ಸರ್ಕಾರವು ಕುಶಲಿಗಳನ್ನು ಆರಿಸುತ್ತದೆ. ಜನರು ಅವರನ್ನು 'ಜೀವಂತ ರಾಷ್ಟ್ರನಿಧಿ' ಎನ್ನುವರು. ೧೯೫೫ರಲ್ಲಿ ಮೊದಲು ಆಯ್ಕೆಯಾದ ಕುಂಬಾರರು ಹಮಾದ, ತೊಮಿಮೊತೊ ಕೆಂಕಿಚಿ, ಅರಕಾವ ತೊಯೊಜೊ, ಇಶಿಗುರೊ ಮುನೆಮಾರೊ ಎಂಬ ನಾಲ್ವರು. ಇವರಿಗೆ ವರ್ಷಾಶನವನ್ನು ಕೊಡುವುದು ಸನ್ಮಾನಕ್ಕಾಗಿ ಮಾತ್ರವಲ್ಲ, ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸುವ ಸಲುವಾಗಿ. ಭಾರತ ಸರ್ಕಾರವೂ ೧೯೬೫ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಯನ್ನು ಕೊಡುತ್ತಿದೆ.

ಕನ್ನಡನಾಡಿನಲ್ಲಿ ಕುಂಬಾರನಿಗೆ ಸಾಹಿತ್ಯಗೌರವ ದೊರೆತಷ್ಟು ಮತ್ತೆಲ್ಲಿಯಾದರೂ ದೊರೆತಿರುವುದು ಸಂಶಯ. ಹರಿಹರನು ಕುಂಬಾರ ಗುಂಡಯ್ಯನಿಗಾಗಿಯೇ ಒಂದು ರಗಳೆಯನ್ನು ಬರೆದನು. ಗುಂಡಯ್ಯನು ಗಡಿಗೆಯನ್ನು ಬಡಿದ ಸದ್ದಿಗೆ ಕೈಲಾಸದ ಒಡೆಯನೇ ಬಂದು ಕುಣಿಯುತ್ತಾನೆ. ಕಾಯಕದ ಸದ್ದೇ ಅಲ್ಲಿ ಪೂಜೆಯ ವಾದ್ಯ. ಇಂಥ ಕಲ್ಪನೆ ರಾಜಸ್ಥಾನದ ಕವಿಗಾಗಲಿ ಅಗ್ರಹಾರದ ಕವಿಗಾಗಲಿ ಹೊಳೆಯುವುದು ಕಷ್ಟ. ಸರ್ವಜ್ಞನ ತಾಯಿ ಕುಂಬಾರರ ಮನೆಯವಳೆಂಬ ಐತಿಹ್ಯವೂ ಉಂಟು. ಆದರೆ ಕವಿಯ ಕಣ್ಣು ಭಕ್ತಿಯ ಮೇಲೆ, ತಾರ್ಕಿಕನ ಕಣ್ಣು ಕಾರಣದ ಮೇಲೆ. ಗುಂಡಯ್ಯನಿಗೆ ತಿಗರಿಯನ್ನು ಕಲಿಸಿದವರ ವಿಚಾರ ಇಬ್ಬರಿಗೂ ಬೇಕಾಗಲಿಲ್ಲ.

ಆ ಅಲಕ್ಷ್ಯದ ಫಲವನ್ನು ಬೆಂಗಳೂರಿನಲ್ಲಿ ನೋಡಬಹುದು. ಹಳೆಯ ಪೇಟೆಯ ಕುಂಬಾರಪೇಟೆ ಇಂದು ವರ್ತಕರ ಬೀದಿ. ಬೆನ್ಸನ್ ಟೌನಿನ ಬಳಿಯ ಪಾಟರಿ ಟೌನಿನಲ್ಲಿ ಕುಂಬಾರ ಮನೆಗಳು ಇನ್ನೂ ಇವೆ. ಗಣೇಶನ ಹಬ್ಬ, ದೀಪಾವಳಿಗಳು ಅವರನ್ನು ಸಾಕುತ್ತಿವೆ. ಸುತ್ತಣ ಕೆರೆಗಳು ಬಡಾವಣೆಗಳಾದ ಮೇಲೆ ಮಣ್ಣು ದೂರದಿಂದ ಲಾರಿಯಲ್ಲಿ ಬರಬೇಕು. ಹನುಮಂತನಗರದ ಕುಮಾರಸ್ವಾಮಿ ಗುಡ್ಡದ ಕೆಳಗಣ ಮನೆಗಳಲ್ಲಿ ಗೌರಿಗಣೇಶ, ಕಾರ್ತಿಕದ ಹಣತೆ, ಮದುವೆಯ ಐರಾಣಿ, ಕಡೆಗೆ ಶ್ಮಶಾನದ ಗಡಿಗೆ, ಇವು ಇಲ್ಲದೆ ಯಾವ ಕರ್ಮವೂ ನಡೆಯದು. ಅವುಗಳನ್ನು ಗಾಂಧಿಬಜಾರಿನಲ್ಲಿ ಚೌಕಾಸಿ ಮಾಡಿ ತರುವವರು, ಮಾಡಿದವನ ಮಗ ಇದೇ ಕೆಲಸವನ್ನು ಮಾಡುವನೇ ಎಂದು ವಿಚಾರಿಸುವುದು ವಿರಳ. ತಂದೆಯೇ ಮಗನಿಗೆ ಈ ಕೆಲಸ ಬೇಡವೆಂದು ಹೇಳುತ್ತಿದ್ದರೆ ಅವನನ್ನು ತಪ್ಪೆನ್ನಲು ಯಾರಿಗೆ ಅಧಿಕಾರವಿದೆ?

ಶಾಲೆಗಳು ಇಲ್ಲವೆಂದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಶಿಕ್ಷಣಸಂಸ್ಥೆಯಿದೆ. ಆಯೋಗವು ೨೦೧೮ರಿಂದ ವಿದ್ಯುತ್ತಿನ ತಿಗರಿಗಳನ್ನೂ ಹಂಚುತ್ತಿದೆ. ಮೈಸೂರು ಸರ್ಕಾರವು ೧೯೩೨ರಲ್ಲಿ ಮಲ್ಲೇಶ್ವರದ ಕಡೆ ಪಿಂಗಾಣಿಯ ಕಾರ್ಖಾನೆಯನ್ನು ತೆರೆಯಿತು. ೧೯೭೬ರಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ಗೆ ಸೇರಿತು. ಅದು ವಿದ್ಯುತ್ ತಂತಿಗಳಿಗೆ ಬೇಕಾದ ಪಿಂಗಾಣಿಯ ಕೆಲಸ. ಕುಂಬಾರಪೇಟೆಗೂ ಅದಕ್ಕೂ ಸಂಬಂಧ ಬೆಳೆಯಲಿಲ್ಲ. ಇನ್ನು ಜಪಾನಿನ ವಿದ್ಯೆಯೇ ದಕ್ಷಿಣಕ್ಕೆ ಬಂದ ದಾರಿಯೊಂದುಂಟು. ಬಿಜೆನ್ ಎಂಬಲ್ಲಿ ಕಲಿತ ಡೆಬೊರಾ ಸ್ಮಿತ್ ಎಂಬ ಅಮೆರಿಕದ ಮಹಿಳೆಯೂ ರೇ ಮೀಕರ್ ಎಂಬವರೂ ೧೯೭೧ರಲ್ಲಿ ಪುದುಚೇರಿಯಲ್ಲಿ ಆವಿಗೆ ಹೂಡಿ ಅನೇಕರಿಗೆ ಕಲಿಸಿದರು. ಅಂಥ ಅಭ್ಯಾಸಶಾಲೆಗಳು ಬೆಂಗಳೂರಿನಲ್ಲಿಯೂ ಈಗ ಇವೆ. ಓದಿದ ಮನೆಗಳ ತರುಣ ತರುಣಿಯರು ರಜಾದಿನಗಳಲ್ಲಿ ಅಲ್ಲಿ ಮಣ್ಣು ಹದಮಾಡುವರು. ಸೇವಂತಿಗೆಯ ಹದಕ್ಕೆ ಜಪಾನೀ ಹೆಸರು ಅವರಿಗೆ ಗೊತ್ತು. ತಿಗರಿ, ಆವಿಗೆ ಎಂಬ ಕನ್ನಡ ಮಾತುಗಳು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ! ಅವರನ್ನು ಹಾಸ್ಯಮಾಡಬೇಕಾದದ್ದಿಲ್ಲ. ಹಮಾದನೂ ಹಾಗೆಯೇ ಹೊರಗಿನಿಂದ ಬಂದವನು. ಅವನು ಮಾಶಿಕೊಗೆ ಹೋಗಿ ಹಳ್ಳಿಯವರ ಆವಿಗೆಯಲ್ಲಿ ತನ್ನ ಪಾತ್ರೆಗಳನ್ನಿಟ್ಟನು. ಇಲ್ಲಿಯ ಹೊಸ ಕುಂಬಾರರು ಪಾಟರಿ ಟೌನಿನ ಹಳೆಯ ಕುಂಬಾರರ ಮಗ್ಗುಲಲ್ಲಿ ಒಂದು ವರ್ಷವಾದರೂ ಕುಳಿತು ಕೆಲಸಮಾಡುವುದಾಗಲಿ, ಅಲ್ಲಿಯ ಹುಡುಗನೊಬ್ಬನು ಲೇಪವನ್ನೂ ಹೆಚ್ಚಿನ ಬೆಂಕಿಯನ್ನೂ ಇವರಿಂದ ಕಲಿಯುವುದಾಗಲಿ ಇನ್ನೂ ವಾಡಿಕೆಗೆ ಬಂದಿಲ್ಲ.